ಸಿ8 ಬಿಷಪ್‌ನ ಬೆನ್ನು ಹಿಡಿದು: ಒಂದು ಗೇಮ್, ಒಂದು ಓಪನಿಂಗ್

ಪ್ರಶ್ನೆ: ನಾನು ಹಾಸನದವನು, ಬ್ಯಾಂಕಿನಲ್ಲಿ ಕೆಲಸ. ರಜೆ ಸಿಕ್ಕಾಗ ರೇಟೆಡ್ ಚೆಸ್ ಟೂರ್ನಿಗಳಿಗೆ ಹೋಗುತ್ತೇನೆ. ರೇಟಿಂಗ್ 1500ರ ಆಸುಪಾಸು. ಕಪ್ಪು ಕಾಯಿ ಸಿಕ್ಕಾಗ ಸೆಮಿ-ಸ್ಲಾವ್ ಅನ್ನುವ ಓಪನಿಂಗ್ (ಆಟ ಶುರು ಮಾಡುವ ನಡೆಗಳ ಒಂದು ಕ್ರಮ) ಆಡುತ್ತೇನೆ. 2013ರಲ್ಲಿ ಆನಂದ್ ಅವರು ಅರೋನಿಯನ್ ವಿರುದ್ಧ ಗೆದ್ದ ಗೇಮ್ ನನಗೆ ಬಾಯಿಪಾಠ. ಅದರ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಚೆಗೆ ಒಂದು ಟೂರ್ನಿಯಲ್ಲಿ 10ನೇ ನಡೆಯವರೆಗೂ ಅದೇ ಗೇಮ್ ಬಂತು, ಖುಷಿಯಾಯ್ತು. ಆದರೆ 11ನೇ ನಡೆಯಲ್ಲಿ ಎದುರಾಳಿ ಎ3 ಬದಲು ಇ4 ಆಡಿದರು. ನಾನು ಏನೂ ತೋಚದೆ ಎ6 ಆಡಿದೆ. ಮುಂದಿನ ನಡೆ ಇ5. ಬಿಷಪ್, ಕುದುರೆ ಎರಡಕ್ಕೂ ಫೋರ್ಕ್, ಅಂದರೆ ಒಂದೇ ಪಾನ್‌ನಿಂದ ಎರಡರ ಮೇಲೂ ದಾಳಿ. ಆಟ ಅಲ್ಲಿಗೇ ಮುಗಿಯಿತು. ಒಂದು ಗೇಮನ್ನು ಸರಿಯಾಗಿ ಅಭ್ಯಾಸ ಮಾಡುವುದು ಹೇಗೆ? ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಯಾವಾಗ ಹಾಕಬೇಕು? ಓಪನಿಂಗ್ ಬದಲಾಯಿಸಲೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಬೇಡ. ನೀವು ಸೋತಿದ್ದು ಸೆಮಿ-ಸ್ಲಾವ್‌ನಿಂದ ಅಲ್ಲ. ನಿಮ್ಮ ಬಿಷಪ್ ಡಿ6ರಲ್ಲಿ ಯಾಕೆ ನಿಂತಿದೆ ಅಂತ ನಿಮಗೆ ಗೊತ್ತಿರಲಿಲ್ಲ, ಅದಕ್ಕೇ ಸೋತಿರಿ. ಇದು ಗೊತ್ತಿಲ್ಲದಿದ್ದರೆ ಯಾವ ಓಪನಿಂಗ್ ಆಡಿದರೂ 11ನೇ ನಡೆಗೆ ಬಂದು ಇಲ್ಲೇ ನಿಲ್ಲುತ್ತೀರಿ.

ಗೇಮ್ ಮಾತ್ರ ಚೆನ್ನಾಗಿಯೇ ಆರಿಸಿಕೊಂಡಿದ್ದೀರಿ. ಅದನ್ನೇ ಹಿಡಿದು ಹೇಳುತ್ತೇನೆ. ಫೋನ್ ಆಚೆ ಇಟ್ಟು ನಿಜವಾದ ಬೋರ್ಡ್ ತೆಗೆದುಕೊಳ್ಳಿ. ಓದುಗರಲ್ಲಿ ಈ ಗೇಮ್ ನೋಡದವರೂ ಇರುತ್ತಾರೆ, ಅವರಿಗಾಗಿ ಪೂರ್ತಿ ನಡೆಗಳನ್ನು ಕೊಡುತ್ತೇನೆ. ಪ್ರತಿ ಸಂಖ್ಯೆಯ ಮುಂದೆ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ‘11...’ ಅಂತ ಚುಕ್ಕಿ ಇದ್ದರೆ ಕಪ್ಪಿನ ನಡೆ ಮಾತ್ರ. ಡಿ4 ಅಂದರೆ ಆ ಹೆಸರಿನ ಮನೆ, × ಅಂದರೆ ಹೊಡೆತ, ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್ (ಕಾಲಾಳು). 2013ರ ಜನವರಿ, ನೆದರ್‌ಲೆಂಡ್ಸ್‌ನ ವೈಕ್ ಆನ್ ಝೀ, ಟಾಟಾ ಸ್ಟೀಲ್ ಟೂರ್ನಿ. ಬಿಳಿ ಕಾಯಿ ಅರ್ಮೇನಿಯಾದ ಲೆವೊನ್ ಅರೋನಿಯನ್ ಅವರದು. ಕಪ್ಪು ಕಾಯಿ ಆಗ ವಿಶ್ವ ಚಾಂಪಿಯನ್ ಆಗಿದ್ದ ವಿಶ್ವನಾಥನ್ ಆನಂದ್ ಅವರದು.

1. ಡಿ4 ಡಿ5 2. ಸಿ4 ಸಿ6 3. ಕುದುರೆ ಎಫ್3, ಕುದುರೆ ಎಫ್6 4. ಕುದುರೆ ಸಿ3, ಇ6 5. ಇ3, ಕುದುರೆ ಬಿ8ರಿಂದ ಡಿ7 6. ಬಿಷಪ್ ಡಿ3, ಡಿ×ಸಿ4 7. ಬಿಷಪ್×ಸಿ4, ಬಿ5 8. ಬಿಷಪ್ ಡಿ3, ಬಿಷಪ್ ಡಿ6 9. ಇಬ್ಬರೂ ರಾಜನ ಕಡೆ ಕ್ಯಾಸ್ಲಿಂಗ್ 10. ಕ್ವೀನ್ ಸಿ2, ಬಿಷಪ್ ಬಿ7 11. ಎ3, ರೂಕ್ ಸಿ8 12. ಕುದುರೆ ಜಿ5, ಸಿ5 13. ಕುದುರೆ×ಎಚ್7, ಕುದುರೆ ಜಿ4 14. ಎಫ್4, ಸಿ×ಡಿ4 15. ಇ×ಡಿ4, ಬಿಷಪ್ ಸಿ5 16. ಬಿಷಪ್ ಇ2, ಡಿ7 ಕುದುರೆ ಇ5ಕ್ಕೆ 17. ಬಿಷಪ್×ಜಿ4, ಬಿಷಪ್×ಡಿ4 ಚೆಕ್ 18. ರಾಜ ಎಚ್1, ಕುದುರೆ×ಜಿ4 19. ಕುದುರೆ×ಎಫ್8, ಎಫ್5 20. ಕುದುರೆ ಜಿ6, ಕ್ವೀನ್ ಎಫ್6 21. ಎಚ್3, ಕ್ವೀನ್×ಜಿ6 22. ಕ್ವೀನ್ ಇ2, ಕ್ವೀನ್ ಎಚ್5 23. ಕ್ವೀನ್ ಡಿ3, ಬಿಷಪ್ ಇ3. ಬಿಳಿ ಸೋಲೊಪ್ಪಿಕೊಂಡಿತು.

ಬರೀ 23 ನಡೆ. ವಿಡಿಯೋ ನೋಡುವವರು ಸಾಮಾನ್ಯವಾಗಿ 15ನೇ ನಡೆಯಿಂದ ಕಣ್ಣರಳಿಸುತ್ತಾರೆ. ಕಾಯಿ ಬಲಿ ಕೊಡುವುದು, ಚೆಕ್, ಗಲಾಟೆ ಎಲ್ಲ ಶುರುವಾಗುವುದು ಅಲ್ಲಿಂದ. ಆದರೆ ನಿಮ್ಮಂಥ ಆಟಗಾರರಿಗೆ ಬೇಕಾದದ್ದು 4ನೇ ನಡೆಯಿಂದ 12ನೇ ನಡೆಯವರೆಗೆ ಇದೆ. ಅಲ್ಲಿ ಏನೂ ನಡೆಯುತ್ತಿಲ್ಲ ಅಂತ ಕಾಣುತ್ತದೆ, ಅಲ್ವಾ? ನಿಜವಾಗಿ ಗೇಮ್ ಗೆದ್ದಿದ್ದು ಅಲ್ಲೇ.

4ನೇ ನಡೆಯಲ್ಲಿ ಕಪ್ಪು ಇ6 ಆಡಿತು. ಈಗ ನಿಲ್ಲಿ. ಬೋರ್ಡ್ ನೋಡಿ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನನ್ನ ಯಾವ ಕಾಯಿ ಕಷ್ಟದಲ್ಲಿದೆ? ಸಿ8ರಲ್ಲಿರುವ ಬಿಷಪ್. ಮುಂದೆ ಇ6 ಪಾನ್ ಬಾಗಿಲು ಹಾಕಿದೆ. ಬಿ7ಕ್ಕೆ ಹೋಗೋಣ ಅಂದರೆ ಅಲ್ಲಿಂದ ಹೊರಡುವ ಡಯಾಗನಲ್‌ನಲ್ಲಿ (ಓರೆ ಸಾಲಿನಲ್ಲಿ) ಸಿ6ರಲ್ಲಿ ಒಂದು ಪಾನ್, ಡಿ5ರಲ್ಲಿ ಇನ್ನೊಂದು. ಮಾಮೂಲಿ ಸ್ಲಾವ್‌ನಲ್ಲಿ ಈ ಬಿಷಪ್ ಎಫ್5ಕ್ಕೋ ಜಿ4ಕ್ಕೋ ಮೊದಲೇ ಆಚೆ ಬರಲು ಅವಕಾಶ ಇರುತ್ತದೆ. ಸೆಮಿ-ಸ್ಲಾವ್‌ನಲ್ಲಿ ನಾವೇ ಅದನ್ನು ಒಳಗೆ ಕೂರಿಸಿಕೊಳ್ಳುತ್ತೇವೆ. ಮಧ್ಯದ ಪಾನ್‌ಗಳು ಗಟ್ಟಿಯಾದವು ನಿಜ. ಅದಕ್ಕೆ ಕೊಟ್ಟ ಬೆಲೆ ಈ ಬಿಷಪ್.

ಇನ್ನು ಆಚೆ ಕಡೆ ನೋಡಿ. 5ನೇ ನಡೆಯಲ್ಲಿ ಬಿಳಿಯೂ ಇ3 ಆಡಿ ತನ್ನ ಸಿ1 ಬಿಷಪ್‌ಗೆ ಬಾಗಿಲು ಹಾಕಿಕೊಂಡಿತು. ಅಂದರೆ ಎರಡೂ ಕಡೆ ಒಂದೊಂದು ಬಿಷಪ್ ಒಳಗೆ ಸಿಕ್ಕಿಕೊಂಡಿದೆ. ಮೆರಾನ್ ಅಂತ ಕರೆಯುವ ಈ ದಾರಿಯ ತಿರುಳು ಇಷ್ಟೇ: ಯಾರ ಬಿಷಪ್ ಮೊದಲು ಆಚೆ ಬರುತ್ತದೆ?

ಈಗ ಕಪ್ಪಿನ ನಡೆಗಳನ್ನು ಮತ್ತೆ ಆಡಿ, ಆ ಒಂದು ಬಿಷಪ್ ಮೇಲೆ ಮಾತ್ರ ಕಣ್ಣಿಟ್ಟುಕೊಂಡು. 6ನೇ ನಡೆ ಡಿ×ಸಿ4. ಬಿಳಿ ಬಿಷಪ್ ಡಿ3ಕ್ಕೆ ಬರುವವರೆಗೆ ಕಾದು ಹೊಡೆದಿದ್ದರಿಂದ ಅದು ಇನ್ನೊಂದು ಸಲ ನಡೆಯಬೇಕಾಯಿತು. ಆ ಲಾಭ ಎಲ್ಲರಿಗೂ ಕಾಣುತ್ತದೆ. ಆದರೆ ಇನ್ನೊಂದು ಕೆಲಸವೂ ಆಯಿತು: ಡಿ5ರಲ್ಲಿದ್ದ ಸ್ವಂತ ಪಾನ್ ಡಯಾಗನಲ್ ಬಿಟ್ಟು ಹೋಯಿತು. 7ನೇ ನಡೆ ಬಿ5: ಬಿಷಪ್‌ಗೆ ಮತ್ತೆ ಒದೆ, ಜೊತೆಗೆ ಬಿ7 ಮನೆ ಖಾಲಿ. 10ನೇ ನಡೆ ಬಿಷಪ್ ಬಿ7. ಈಗ ದಾರಿಯಲ್ಲಿ ಉಳಿದಿದ್ದು ಸಿ6 ಪಾನ್ ಒಂದೇ. ಅದನ್ನು ಸಿ5ಕ್ಕೆ ತಳ್ಳಬೇಕು. 11ನೇ ನಡೆ ರೂಕ್ ಸಿ8 ಅದಕ್ಕೇ. ಸಿ ಸಾಲು ತೆರೆದಾಗ ಎದುರಿಗೆ ಬಿಳಿಯ ಕ್ವೀನ್ ಸಿ2ರಲ್ಲಿ ನಿಂತಿರುತ್ತದೆ. 12ನೇ ನಡೆ ಸಿ5.

ಅರೋನಿಯನ್‌ಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 11. ಎ3 ಸುಮ್ನೆ ಆಡಿದ ನಡೆಯಲ್ಲ. ಅದು ಬಿ5 ಪಾನ್ ಬಿ4ಕ್ಕೆ ಬಂದು ಕುದುರೆಯನ್ನು ಓಡಿಸದಂತೆ ತಡೆಯುತ್ತದೆ. ಮುಂದೆ ಬಿ4 ಆಡಿ ಸಿ5 ಮನೆಗೆ ಬೀಗ ಹಾಕುವ ದಾರಿಯನ್ನೂ ತೆರೆದಿಡುತ್ತದೆ. ಆದರೆ ಮುಂದಿನ ನಡೆಯಲ್ಲಿ ಅವರು ಬಿ4 ಆಡಲಿಲ್ಲ, ಕುದುರೆಯನ್ನು ಜಿ5ಕ್ಕೆ ಹಾಕಿದರು. ಎಚ್7 ಮೇಲೆ ಈಗ ಕುದುರೆ, ಬಿಷಪ್, ಅದರ ಹಿಂದೆ ಕ್ವೀನ್, ಮೂರರ ಕಣ್ಣು. ಕಾಯುವವರು ಎರಡೇ.

ಇಲ್ಲಿ ಬೋರ್ಡ್ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಜಿ5ಕ್ಕೆ ಹೋದ ಕುದುರೆ ಎಲ್ಲಿಂದ ಹೋಯಿತು? ಎಫ್3ರಿಂದ. ಬಿ7ರಿಂದ ಜಿ2ವರೆಗೆ ಬೆರಳು ಎಳೆಯಿರಿ: ಬಿ7, ಸಿ6, ಡಿ5, ಇ4, ಎಫ್3, ಜಿ2. ಆ ದಾರಿಗೆ ಅಡ್ಡ ಇದ್ದವರು ಇಬ್ಬರೇ, ಸಿ6ರ ಕಪ್ಪು ಪಾನ್ ಮತ್ತು ಎಫ್3ರ ಬಿಳಿ ಕುದುರೆ. ಕುದುರೆ ತಾನಾಗಿಯೇ ಹೊರಟಿತು. ಆನಂದ್ ಎಚ್7 ಬಗ್ಗೆ ತಲೆ ಕೆಡಿಸಿಕೊಳ್ಳದೆ ಸಿ5 ಆಡಿ ಪಾನನ್ನೂ ತೆಗೆದರು. ಬಿಳಿ ದಾಳಿಗೆಂದು ಇಟ್ಟ ಹೆಜ್ಜೆಯಲ್ಲೇ ಕಪ್ಪಿನ ಬಿಷಪ್‌ಗೆ ಇಡೀ ಬೋರ್ಡ್ ತೆರೆದುಕೊಂಡಿತು.

ಈ ಒಂದು ವಿಷಯ ಕಣ್ಣಿಗೆ ಬಿದ್ದರೆ ಮುಂದಿನ ಗಲಾಟೆಯನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. 13ನೇ ನಡೆಯಲ್ಲಿ ಬಿಳಿ ಎಚ್7 ಹೊಡೆದು ಎಫ್8 ರೂಕ್ ಮೇಲೂ ಕಣ್ಣು ಹಾಕಿದಾಗ ಕಪ್ಪು ರೂಕ್ ಉಳಿಸಿಕೊಳ್ಳಲು ಹೋಗಲಿಲ್ಲ, ಕುದುರೆಯನ್ನು ಜಿ4ಕ್ಕೆ ತಂದಿತು. ಎಚ್2 ಮೇಲೆ ಡಿ6 ಬಿಷಪ್ ಮತ್ತು ಜಿ4 ಕುದುರೆ, ಜಿ2 ಮೇಲೆ ಬಿ7 ಬಿಷಪ್, ಎಚ್4ಕ್ಕೆ ಬರಲು ಕ್ವೀನ್‌ಗೆ ದಾರಿ ಸಿದ್ಧ. ರೂಕ್ ಹೋದರೆ ಹೋಗಲಿ.

14. ಎಫ್4 ಎಚ್2ನ್ನು ಮುಚ್ಚಿತು. ಒಂದು ಕಿಟಕಿ ಮುಚ್ಚಿ ಇನ್ನೊಂದು ತೆರೆದಂತಾಯಿತು. ಎಫ್ ಪಾನ್ ಮುಂದೆ ಹೋದ ಮೇಲೆ ಜಿ1ರಲ್ಲಿರುವ ರಾಜನಿಂದ ಸಿ5ರ ಕಡೆಗೆ ಹೋಗುವ ಡಯಾಗನಲ್‌ನಲ್ಲಿ ಕಾವಲು ತೆಳುವಾಯಿತು. ಡಿ4ರಲ್ಲಿ ಪಾನ್‌ಗಳು ಬದಲಾದ ಮೇಲೆ ಆನಂದ್ ಬಿಷಪ್ಪನ್ನು ಡಿ6ರಿಂದ ಸಿ5ಕ್ಕೆ ತಂದರು. ನೋಡಿದರೆ ಡಿ4 ಪಾನ್ ಅದನ್ನು ಹೊಡೆಯಬಹುದು. ಹೊಡೆದರೆ ಡಿ7 ಕುದುರೆ ಸಿ5ರಲ್ಲಿ ಹೊಡೆಯುತ್ತದೆ, ಡಿ ಸಾಲು ತೆರೆಯುತ್ತದೆ, ಕ್ವೀನ್ ಡಿ4ಕ್ಕೆ ಬಂದು ಚೆಕ್ ಕೊಡುವ ಬೆದರಿಕೆ ಹುಟ್ಟುತ್ತದೆ. ಆಗ ಬಿಳಿ ಎಫ್8 ರೂಕ್ ತಿಂದರೆ ಕಪ್ಪು ಡಿ3 ಬಿಷಪ್ ತಿನ್ನುತ್ತದೆ. ಅದನ್ನು ಬಿಳಿ ಕ್ವೀನ್ ಹೊಡೆದರೆ ಡಿ8ರಿಂದ ಕಪ್ಪು ಕ್ವೀನ್ ಬಂದು ಅದನ್ನೇ ಹೊಡೆಯುತ್ತದೆ. ಇದನ್ನು ಬೋರ್ಡ್ ಮೇಲೆ ನಿಧಾನವಾಗಿ ಆಡಿ ನೋಡಿ.

ಈಗ 16ನೇ ನಡೆ. ಇಡೀ ಗೇಮ್‌ನಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. ಕಪ್ಪಿನ ಎಫ್8 ರೂಕ್ ಮೇಲೆ ದಾಳಿ, ಸಿ5 ಬಿಷಪ್ ಮೇಲೆ ದಾಳಿ, ಜಿ4 ಕುದುರೆ ಮೇಲೂ ದಾಳಿ. ಇಷ್ಟರ ಮಧ್ಯೆ ಆನಂದ್ ಇನ್ನೊಂದು ಕುದುರೆಯನ್ನು ಇ5ಕ್ಕೆ ಹಾಕಿದರು. ಡಿ4ರಲ್ಲೊಂದು, ಎಫ್4ರಲ್ಲೊಂದು ಪಾನ್ ಅದನ್ನು ಹೊಡೆಯಲು ಕಾದು ಕೂತಂತೆ ಕಾಣುತ್ತದೆ. ಆದರೆ ಡಿ4 ಪಾನ್ ಪಿನ್ ಆಗಿದೆ. ಅದರ ಹಿಂದೆ ಜಿ1ರಲ್ಲಿ ರಾಜ, ಮುಂದೆ ಸಿ5ರಲ್ಲಿ ಬಿಷಪ್. ಇ5ರಲ್ಲಿ ಹೊಡೆಯುವುದು ನಿಯಮದ ಪ್ರಕಾರವೇ ಆಗದು. ಎಫ್4 ಪಾನ್ ಹೊಡೆದರೆ ಕ್ವೀನ್ ಡಿ4ರಲ್ಲಿ ಹೊಡೆದು ಚೆಕ್ ಕೊಡುತ್ತದೆ. ರಾಜ ಎಚ್1ಕ್ಕೆ ಹೋದರೆ ಕ್ವೀನ್ ಜಿ1ಕ್ಕೆ ಹೋಗಿ ಮತ್ತೆ ಚೆಕ್. ಸಿ5 ಬಿಷಪ್ ಕಾವಲಿರುವುದರಿಂದ ರಾಜ ಆ ಕ್ವೀನ್ ತಿನ್ನುವಂತಿಲ್ಲ, ರೂಕ್‌ನಿಂದಲೇ ಹೊಡೆಯಬೇಕು. ಆಗ ಜಿ4 ಕುದುರೆ ಎಫ್2ಕ್ಕೆ ಜಿಗಿದರೆ ಚೆಕ್‌ಮೇಟ್. ರಾಜನ ಸುತ್ತ ಅವನ ಕಾಯಿಗಳೇ ನಿಂತು ಉಸಿರು ಕಟ್ಟಿಸುವ ಮೇಟ್ ಇದು. ಬಿಳಿಗೆ ಬೇರೆ ದಾರಿಗಳೂ ಇವೆ. ಆದರೆ ಇದೊಂದನ್ನು ಕೈಯಾರೆ ಆಡಿ ನೋಡಿದರೆ ಅರೋನಿಯನ್ ಯಾಕೆ ಇ5 ಕುದುರೆಯನ್ನು ಮುಟ್ಟದೆ ಜಿ4 ಕುದುರೆಯನ್ನು ಹೊಡೆದರು ಅಂತ ತಿಳಿಯುತ್ತದೆ.

19ನೇ ನಡೆಯ ಎಫ್5ನ್ನೂ ಗಮನಿಸಿ. ಬಿಳಿ ಕುದುರೆ ಈಗಷ್ಟೇ ರೂಕ್ ತಿಂದು ಎಫ್8ರಲ್ಲಿ ಕೂತಿದೆ. ನಾವಾದರೆ ತಕ್ಷಣ ರಾಜನಿಂದ ಅದನ್ನು ಹೊಡೆಯುತ್ತಿದ್ದೆವು. ಆನಂದ್ ಮೊದಲು ಸಿ2ರಿಂದ ಎಚ್7ಕ್ಕೆ ಬರುವ ಕ್ವೀನ್‌ನ ದಾರಿಗೆ ಪಾನ್ ಅಡ್ಡ ಹಾಕಿದರು. ಅದೇ ಪಾನ್ ಜಿ4 ಕುದುರೆಗೆ ಕಾವಲೂ ಆಯಿತು. ಎಫ್8 ಕುದುರೆ ಎಲ್ಲಿಗೆ ಹೋದೀತು? ಜಿ6ಕ್ಕೆ ಹೋಯಿತು, ಅಲ್ಲಿ ಸಿಕ್ಕಿಬಿತ್ತು.

21ನೇ ನಡೆ ಆದ ಮೇಲೆ ಎಚ್3 ಪಾನ್ ಜಿ4 ಕುದುರೆಯನ್ನು ಹೊಡೆಯಬಹುದಿತ್ತಲ್ಲ, ಯಾಕೆ ಹೊಡೆಯಲಿಲ್ಲ? ಉತ್ತರ ಓದುವ ಮೊದಲು ನೀವೇ ಹುಡುಕಿ. ಸಿಕ್ಕಿತೇ? ಹೊಡೆದರೆ ಕ್ವೀನ್ ಎಚ್6, ಮೇಟ್. ಎಚ್ ಸಾಲು ತೆರೆದಿದೆ, ಜಿ1 ಮೇಲೆ ಡಿ4 ಬಿಷಪ್‌ನ ಕಣ್ಣಿದೆ. ಸಿ1ರಲ್ಲಿರುವ ಬಿಳಿ ಬಿಷಪ್ ಎಚ್6ರವರೆಗೆ ನೋಡಬೇಕಾಗಿತ್ತು, ಆದರೆ ಅದರ ದಾರಿಗೆ ಎಫ್4ರಲ್ಲಿ ಸ್ವಂತ ಪಾನ್ ಅಡ್ಡ.

ಕೊನೆಯ ನಡೆ ಬಿಷಪ್ ಇ3. ಡಿ3ರಲ್ಲಿರುವ ಬಿಳಿ ಕ್ವೀನ್ ಮೂರನೇ ಸಾಲಿನ ಉದ್ದಕ್ಕೂ ನೋಡುತ್ತ ಎಚ್3 ಕಾಯುತ್ತಿತ್ತು. ಮಧ್ಯದಲ್ಲಿ ಬಿಷಪ್ ಬಂದು ಕೂತು ಆ ನೋಟವನ್ನು ಕತ್ತರಿಸಿತು. ಈಗ ಕ್ವೀನ್ ಎಚ್3ರಲ್ಲಿ ಹೊಡೆದರೆ ಮೇಟ್. ಜಿ2 ಪಾನ್ ಆ ಕ್ವೀನನ್ನು ಹೊಡೆಯುವಂತಿಲ್ಲ. ಯಾಕೆ? ಪಿನ್ ಆಗಿದೆ. ಯಾರಿಂದ? ಬಿ7 ಬಿಷಪ್‌ನಿಂದ. 4ನೇ ನಡೆಯಲ್ಲಿ ನಾವೇ ಒಳಗೆ ಕೂಡಿಹಾಕಿದ್ದ ಅದೇ ಕಾಯಿ. ಸಿ1 ಬಿಷಪ್ ಇ3ರಲ್ಲಿ ಹೊಡೆದರೂ ಎಚ್3ರಲ್ಲಿ ಚೆಕ್ ಬೀಳುತ್ತದೆ, ರಾಜ ಜಿ1ಕ್ಕೆ, ಆಮೇಲೆ ಜಿ2ರಲ್ಲಿ ಮೇಟ್. ಈಗ ಬಿಳಿಯ ಮೊದಲ ಸಾಲು ನೋಡಿ. ಸಿ1 ಬಿಷಪ್, ಎ1 ರೂಕ್ ಇಡೀ ಗೇಮ್‌ನಲ್ಲಿ ಒಂದೇ ಒಂದು ನಡೆಯನ್ನೂ ಆಡಿಲ್ಲ.

ಇನ್ನು ನಿಮ್ಮ ಗೇಮ್‌ಗೆ ಬರೋಣ. 11. ಇ4 ಬಂದಾಗ ಬಿಳಿಗೂ ತನ್ನ ಸಿ1 ಬಿಷಪ್‌ದೇ ಚಿಂತೆ. ಇ3 ಪಾನ್ ಮುಂದೆ ಹೋದರೆ ಬಾಗಿಲು ತೆರೆಯಿತು. ಜೊತೆಗೆ ಇ5 ಬೆದರಿಕೆ. ನಿಮಗೆ ಬೇಕಿದ್ದ ಉತ್ತರ ಡಿ6 ಬಿಷಪ್‌ನಲ್ಲೇ ಇತ್ತು. ಅದು ಆ ಮನೆಯಲ್ಲಿ ಇರುವುದು ಎಚ್2 ಕಡೆ ನೋಡುವುದಕ್ಕೆ ಮಾತ್ರ ಅಲ್ಲ, ಇ5 ಮನೆಗೆ ಬಲ ಕೊಡುವುದಕ್ಕೂ. ಡಿ7 ಕುದುರೆಯೂ ಅದೇ ಮನೆ ಕಾಯುತ್ತಿದೆ. ಹಾಗಾಗಿ 11... ಇ5! ನೀವೇ ಮೊದಲು ತಳ್ಳಬೇಕಿತ್ತು. ಬಿಳಿ ಇ5ರಲ್ಲಿ ಹೊಡೆದರೆ ಕುದುರೆಯಿಂದ ಹೊಡೆಯಿರಿ. ಕುದುರೆ ಹೊಡೆದರೆ ಬಿಷಪ್‌ನಿಂದ. ಆಮೇಲೆ ಬಿಳಿ ಆಸೆಬುರುಕತನದಿಂದ ಎಫ್4 ಆಡಿದರೆ ಬಿಷಪ್ ಡಿ4 ಚೆಕ್. ಮತ್ತೆ ಅದೇ ಜಿ1 ಡಯಾಗನಲ್!

ಮೆರಾನ್‌ನಲ್ಲಿ ಕಪ್ಪಿಗೆ ಬಿಡುಗಡೆಯ ತಳ್ಳು ಎರಡೇ: ಸಿ5 ಮತ್ತು ಇ5. ಪ್ರತಿ ನಡೆಗೂ ಮೊದಲು ಇವೆರಡರಲ್ಲಿ ಯಾವುದು ಈಗ ಆಗುತ್ತದೆ ಅಂತ ಕೇಳಿಕೊಂಡರೆ ಎ6 ಆಡುವ ಯೋಚನೆ ಬರುವುದೇ ಇಲ್ಲ. ಎ6 ಕೆಟ್ಟ ನಡೆ ಅಂತಲ್ಲ. 8ನೇ ನಡೆಯಲ್ಲಿ ಬಿಷಪ್ ಡಿ6 ಬದಲು ಎ6 ಆಡುವುದು ಮೆರಾನ್‌ನ ಹಳೆಯ ರಾಜಮಾರ್ಗ. ಅಲ್ಲಿ 9. ಇ4 ಬಂದರೆ ತಕ್ಷಣ ಸಿ5 ಆಡುತ್ತಾರೆ. ನಿಮ್ಮ ಕೈ ಬಹುಶಃ ಆ ದಾರಿಯ ನಡೆಯನ್ನು ಈ ದಾರಿಯಲ್ಲಿ ಆಡಿತು. ಬಾಯಿಪಾಠದವರಿಗೆ ಹೀಗೆ ಆಗುವುದು ತೀರಾ ಮಾಮೂಲಿ.

ಇಷ್ಟಾದ ಮೇಲೆ ಅಭ್ಯಾಸದ ಕ್ರಮ. ನಡೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಗೆದ್ದವರ ನಡೆಗಳ ಮೇಲೆ ಒಂದು ಕಾರ್ಡ್ ಮುಚ್ಚಿ. ಎದುರಾಳಿಯ ನಡೆಯನ್ನು ಬೋರ್ಡ್ ಮೇಲೆ ಆಡಿ. ನಿಮ್ಮ ಉತ್ತರ ಯೋಚಿಸಿ, ಪಕ್ಕದಲ್ಲಿ ಬರೆಯಿರಿ. ಆಮೇಲೆ ಕಾರ್ಡ್ ಸರಿಸಿ. ನಡೆ ಹೊಂದಿಕೆಯಾಯಿತೇ ಅನ್ನುವುದು ಅಷ್ಟು ಮುಖ್ಯವಲ್ಲ. ಹೊಂದದಿದ್ದಾಗ ಯಾಕೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆಯಿರಿ. ‘ನಾನು ಎಚ್6 ಆಡುತ್ತಿದ್ದೆ, ಅವರು ಸಿ5 ಆಡಿದರು, ಎಫ್3 ಖಾಲಿಯಾಗಿದ್ದು ನನಗೆ ಕಾಣಲಿಲ್ಲ.’ ಇಂಥ ಸಾಲು. ನಡೆ ನೆನಪಿನಲ್ಲಿ ಉಳಿಯದಿದ್ದರೂ ಇಂಥ ಸಾಲು ಉಳಿಯುತ್ತದೆ. ನೀವು ಈ ಗೇಮನ್ನು ಈಗಾಗಲೇ ಬಾಯಿಪಾಠ ಮಾಡಿರುವುದರಿಂದ ಇದರಲ್ಲಿ ಕಾರ್ಡ್ ಆಟ ನಡೆಯುವುದಿಲ್ಲ. ಮುಂದಿನ ಗೇಮ್‌ಗೆ ಮಾಡಿ. ಇದಕ್ಕೆ ಕಾರಣಗಳನ್ನು ಮಾತ್ರ ಬರೆಯಿರಿ. ಒಂದು ಗೇಮ್‌ಗೆ ಒಂದು ವಾರ ಹಿಡಿದರೂ ಪರವಾಗಿಲ್ಲ.

ಎಂಜಿನ್ ಬಗ್ಗೆ ಕೇಳಿದ್ದೀರಿ. ಕೊನೆಗೆ ಹಾಕಿ, ಅದೂ ಪ್ರಶ್ನೆ ಇಟ್ಟುಕೊಂಡು. ‘ಯಾರು ಮುಂದಿದ್ದಾರೆ’ ಅಂತ ಕೇಳಿದರೆ ಅದು ಒಂದು ಅಂಕಿ ಕೊಡುತ್ತದೆ. ಆ ಅಂಕಿ ಇಟ್ಟುಕೊಂಡು ನೀವು ಏನು ಮಾಡುತ್ತೀರಿ? ‘15ನೇ ನಡೆಯಲ್ಲಿ ಬಿಷಪ್ಪನ್ನು ಹೊಡೆದಿದ್ದರೆ ಕಪ್ಪು ಹೇಗೆ ಮುಂದುವರಿಯುತ್ತದೆ’ ಅಂತ ಕೇಳಿ. ನೀವು ಬರೆದ ಉತ್ತರವನ್ನೂ ಅದು ಆಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ್ಯಪ್‌ನಲ್ಲಿ ಪಕ್ಕದಲ್ಲಿ ಏರಿಳಿಯುವ ಪಟ್ಟಿ ಇರುತ್ತದಲ್ಲ, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡಿ. ಅದು ಕಣ್ಣಮುಂದೆ ಇದ್ದರೆ ಯೋಚನೆ ತಾನಾಗಿಯೇ ನಿಲ್ಲುತ್ತದೆ. ವಿಡಿಯೋದಲ್ಲೂ ಇದೇ ತೊಂದರೆ. ಹೇಳುವವರು ಎಷ್ಟು ಚೆನ್ನಾಗಿ ಹೇಳುತ್ತಾರೋ ನೀವು ಅಷ್ಟು ಕಡಿಮೆ ಯೋಚಿಸುತ್ತೀರಿ.

ಇದೆಲ್ಲ ಆನಂದ್ ಅವರಿಗೆ ಬೋರ್ಡ್ ಮುಂದೆ ಕೂತಾಗ ಹೊಳೆದದ್ದು ಅಂತ ಯಾರೂ ಅಂದುಕೊಳ್ಳಬೇಡಿ. 2012ರಲ್ಲಿ ಮಾಸ್ಕೋದಲ್ಲಿ ಬೋರಿಸ್ ಗೆಲ್ಫಾಂಡ್ ವಿರುದ್ಧ ವಿಶ್ವ ಚಾಂಪಿಯನ್‌ಶಿಪ್ ಆಡುವ ಮೊದಲು ಮಾಡಿದ ತಯಾರಿಯಲ್ಲಿ ಈ ಐಡಿಯಾ ಇತ್ತು ಅಂತ ಆನಂದ್ ಆಮೇಲೆ ಹೇಳಿದ್ದರು. ಅಲ್ಲಿ ಬಳಕೆಯಾಗದ್ದು ಮುಂದಿನ ವರ್ಷ ಅರೋನಿಯನ್ ಮೇಲೆ ಬಿತ್ತು. ದೊಡ್ಡವರ ತಯಾರಿ ಅಂದರೆ ಬರೀ ನಡೆಗಳ ಪಟ್ಟಿಯಲ್ಲ. ಇಂಥ ಪಾನ್ ರಚನೆ ಬಂದರೆ ಇಂಥ ಬಲಿ ಕೆಲಸ ಮಾಡುತ್ತದೆ ಅನ್ನುವ ತಿಳಿವಳಿಕೆ ಅದರ ಜೊತೆಗೇ ಬರುತ್ತದೆ.

ಆ ತಿಳಿವಳಿಕೆಗೆ ಬಹಳ ಹಳೆಯ ಬೇರಿದೆ. 1907ರಲ್ಲಿ ಇಂದಿನ ಪೋಲೆಂಡಿನ ಲೋಡ್ಜ್ ಊರಿನಲ್ಲಿ ರೊಟ್ಲೆವಿ ವಿರುದ್ಧ ಅಕಿಬಾ ರುಬಿನ್‌ಸ್ಟೀನ್ ಕಪ್ಪು ಕಾಯಿಯಲ್ಲಿ ಆಡಿದ ಗೇಮ್ ತೆಗೆದು ನೋಡಿ. ಓಪನಿಂಗ್ ಬೇರೆ. ಆದರೂ ಅಲ್ಲಿಯೂ ಡಿ×ಸಿ4, ಬಿ5, ಬಿಷಪ್ ಬಿ7. ಅಲ್ಲಿಯೂ ಬಿಳಿ ಎಫ್4 ಆಡಿತು. ಕಪ್ಪಿನ ಇನ್ನೊಂದು ಬಿಷಪ್ ಬಿ6ಕ್ಕೆ ಬಂದು ಜಿ1ರ ರಾಜನಿಗೆ ಚೆಕ್ ಕೊಟ್ಟಿತು, ರಾಜ ಎಚ್1ಕ್ಕೆ ಹೋದ, ಕುದುರೆ ಜಿ4ಕ್ಕೆ ಬಂತು. ಆಮೇಲೆ ರುಬಿನ್‌ಸ್ಟೀನ್ ಕ್ವೀನನ್ನೇ ಬಿಟ್ಟುಕೊಟ್ಟು 25 ನಡೆಯಲ್ಲಿ ಮುಗಿಸಿದರು. ಎರಡು ಗೇಮ್‌ಗಳಿಗೂ ನಡುವೆ ನೂರಕ್ಕೂ ಜಾಸ್ತಿ ವರ್ಷ. ಎರಡೂ ಬಿಷಪ್‌ಗಳು ನಿಂತು ಗುರಿಯಿಡುವ ರೀತಿ ಮಾತ್ರ ಒಂದೇ. ಎರಡು ಬೋರ್ಡ್ ಇದ್ದರೆ ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಒಂದು ಮಜಾ ಇದೆ.

ಇನ್ನೊಂದು ಸ್ವಾರಸ್ಯವೆಂದರೆ ಮೆರಾನ್ ಅನ್ನುವ ಹೆಸರೂ ಅದೇ ರುಬಿನ್‌ಸ್ಟೀನ್ ಆಡಿದ ಗೇಮ್‌ನಿಂದ ಬಂದಿದ್ದು. ಉತ್ತರ ಇಟಲಿಯ ಮೆರಾನ್ ಪಟ್ಟಣದಲ್ಲಿ 1924ರಲ್ಲಿ ನಡೆದ ಟೂರ್ನಿಯಲ್ಲಿ ಅವರು ಗ್ರುನ್‌ಫೆಲ್ಡ್ ವಿರುದ್ಧ ಕಪ್ಪಿನಲ್ಲಿ ಈ ದಾರಿ ಹಿಡಿದು ಗೆದ್ದರು. ಒಂದು ಓಪನಿಂಗ್ ಓದುವಾಗ ಅದರ ಮೊದಲ ಗೇಮ್‌ಗಳನ್ನು ನೋಡುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಈಗಿನ ಗ್ರ್ಯಾಂಡ್‌ಮಾಸ್ಟರ್‌ಗಳ ನಡೆಗಳಲ್ಲಿ ಕಾರಣ ಒಳಗೆ ಅಡಗಿರುತ್ತದೆ. ಹಳೆಯವರ ಆಟದಲ್ಲಿ ಅದು ಮೇಲೆಯೇ ಕಾಣುತ್ತದೆ.

ಡೇಟಾಬೇಸ್ (ಆಡಿದ ಗೇಮ್‌ಗಳ ಸಂಗ್ರಹ) ಬೇಕೇ ಅಂತ ನೀವು ಕೇಳಿಲ್ಲ, ಆದರೆ ಮುಂದೆ ಕೇಳುತ್ತೀರಿ. ಉಚಿತವಾಗಿ ಸಿಗುವುದೇ ಸಾಕು. ನಿಮ್ಮ ದಾರಿಯಲ್ಲಿ, ಅಂದರೆ 8... ಬಿಷಪ್ ಡಿ6ರಲ್ಲಿ, ದೊಡ್ಡವರು ಆಡಿದ ನಾಲ್ಕೈದು ಗೇಮ್ ಆರಿಸಿಕೊಳ್ಳಿ. ಕಪ್ಪು ಸೋತದ್ದೂ ಅವುಗಳಲ್ಲಿ ಇರಲಿ. ಪ್ರತಿಯೊಂದರಲ್ಲೂ ಸಿ8 ಬಿಷಪ್‌ನ ಬೆನ್ನು ಹಿಡಿಯಿರಿ: ಯಾವ ನಡೆಯಲ್ಲಿ ಅದರ ದಾರಿ ತೆರೆಯಿತು, ಅಥವಾ ಯಾಕೆ ತೆರೆಯಲೇ ಇಲ್ಲ. ಬಿಳಿ ಬೇರೆ ಬಾಗಿಲಿನಿಂದಲೂ ಬರಬಹುದು. 5. ಬಿಷಪ್ ಜಿ5 ಬಂದರೆ ಅದು ಪೂರ್ತಿ ಬೇರೆ ಜಗತ್ತು. 6. ಕ್ವೀನ್ ಸಿ2 ಬಂದರೆ ಮೆರಾನ್ ಆಗುವುದಿಲ್ಲ, ಬಿಳಿ ತನ್ನ ಬಿಷಪ್ ಡಿ3ಕ್ಕೆ ತರುವ ಮೊದಲು ನಿಮ್ಮನ್ನು ಕಾಯಿಸುತ್ತದೆ. ಇವುಗಳಿಗೆ ಸದ್ಯಕ್ಕೆ ಒಂದೊಂದು ಸರಳ ಉತ್ತರ ಇಟ್ಟುಕೊಳ್ಳಿ, ಆಳಕ್ಕೆ ಇಳಿಯಬೇಡಿ.

ನಿಮ್ಮ ಸ್ಕೋರ್‌ಶೀಟ್‌ಗಳನ್ನು ಬಿಸಾಡಬೇಡಿ. ಸೋತದ್ದನ್ನು ಮೊದಲು ತೆಗೆಯಿರಿ. 11. ಇ4 ಬಂದ ಆ ಗೇಮ್‌ನಲ್ಲಿ ಎಷ್ಟು ನಿಮಿಷ ಯೋಚಿಸಿದಿರಿ, ಏನೇನು ಯೋಚಿಸಿದಿರಿ, ನೆನಪಿದ್ದಷ್ಟು ಶೀಟ್ ಹಿಂದೆ ಬರೆದಿಡಿ. ಎಂಜಿನ್‌ಗೆ ನಡೆ ಗೊತ್ತು. ನೀವು ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ ಅನ್ನುವುದು ಅದಕ್ಕೆ ಗೊತ್ತಾಗುವ ಹಾಗಿಲ್ಲ.

ಇದು ಮುಗಿದ ಮೇಲೆ ಮುಂದಿನ ಗೇಮ್ ಯಾವುದು? 2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ವಿರುದ್ಧ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 3 ಮತ್ತು 5ನೇ ಗೇಮ್‌ಗಳು. ಎರಡರಲ್ಲೂ ಆನಂದ್ ಕಪ್ಪು ಕಾಯಿಯಲ್ಲಿ ಮೆರಾನ್ ಆಡಿ ಗೆದ್ದರು. ಅಲ್ಲಿ 8... ಎ6ರ ರಾಜಮಾರ್ಗ. 14ನೇ ನಡೆಯಲ್ಲಿ ಬಿಷಪ್ ಬಿ7ಕ್ಕೆ ಬರುತ್ತದೆ, ಜಿ2 ಕಡೆ ಮುಖ ಮಾಡಿ. ಇದೇ ಬಿಷಪ್, ಬೇರೆ ದಾರಿ. ಕಾರ್ಡ್ ಮುಚ್ಚಿಕೊಂಡು ಮೊದಲು 3ನೇ ಗೇಮ್ ಮಾಡಿ. 5ನೆಯದರಲ್ಲಿ ಕ್ರಾಮ್ನಿಕ್ ಅದೇ ದಾರಿಗೆ ಮತ್ತೆ ಬಂದರು. ಹಾಗಾಗಿ 3ನೆಯದು ಗೊತ್ತಿಲ್ಲದೆ 5ನೆಯದನ್ನು ತೆಗೆಯಬೇಡಿ.